ಬಿಸಿ ಅಚ್ಚಿನಲ್ಲಿ ಸಾಲುಗೂಡುವ ಹರಳುಗಳು

ಉತ್ತರ ಕನ್ನಡ ಜಿಲ್ಲೆಯ ಕಾಳಿ ನದಿಯ ದಂಡೆಯಲ್ಲಿ ಕೈಗಾ ಪರಮಾಣು ವಿದ್ಯುತ್ ಕೇಂದ್ರವಿರುವುದು ನಿಮಗೆ ತಿಳಿದೇ ಇದೆ. ಅಲ್ಲಿ ತಲಾ 220 ಮೆಗಾವಾಟ್ ಸಾಮರ್ಥ್ಯದ ನಾಲ್ಕು ಘಟಕಗಳಿವೆ. ಪ್ರತಿ ಘಟಕದ ಒಡಲಲ್ಲಿ 306 ಕೊಳವೆಗಳು ಜೇನುಹಟ್ಟಿನ ಕಣ್ಣುಗಳಂತೆ ಸಾಲುಸಾಲಾಗಿ, ಅಡ್ಡಲಾಗಿ ಮಲಗಿವೆ. ಒಂದೊಂದರ ಉದ್ದ ಐದು ಮೀಟರಿಗೂ ಹೆಚ್ಚು. ಒಳವ್ಯಾಸ ಸುಮಾರು 8 ಸೆಂಟಿಮೀಟರ್. ಗೋಡೆಯ ದಪ್ಪ ಮಾತ್ರ ಮೂರು-ಮೂರೂವರೆ ಮಿಲಿಮೀಟರ್, ಅಷ್ಟೆ. ಇದರೊಳಗೆ ಯುರೇನಿಯಮ್ ಇಂಧನದ ಕಂತೆಗಳು ಕುಳಿತಿರುತ್ತವೆ. ಅವುಗಳ ನಡುವೆ ಭಾರಜಲ ಹರಿಯುತ್ತದೆ. ಭಾರಜಲ ಹೊರಬೀಳುವಾಗ ಅದರ ಉಷ್ಣತೆ 290 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು, ಒತ್ತಡ 80 ವಾಯುಭಾರಗಳಿಗೂ ಹೆಚ್ಚು. ಇವನ್ನು ಒತ್ತಡ ಕೊಳವೆಗಳೆಂದು ಕರೆಯುತ್ತಾರೆ. ಜಿರ್ಕೋನಿಯಮ್ ಲೋಹಕ್ಕೆ ಶೇಕಡ 2.5ರಷ್ಟು ನಯೋಬಿಯಮ್ ಬೆರೆಸಿದ ಮಿಶ್ರಲೋಹದಿಂದ ಇವನ್ನು ಮಾಡುತ್ತಾರೆ.

ಈ ಕೊಳವೆಗಳದ್ದು ಒಂದು ವಿಚಿತ್ರ ಸ್ವಭಾವ. ವರ್ಷದಿಂದ ವರ್ಷಕ್ಕೆ ಅವು ಉದ್ದವಾಗುತ್ತ ಹೋಗುತ್ತವೆ. ಬಿಸಿಯಾದಾಗ ಲೋಹ ಹಿಗ್ಗುವುದು, ತಣಿದಾಗ ಕುಗ್ಗುವುದು ನಮಗೆ ಗೊತ್ತು. ಇದು ಅದಲ್ಲ. ಇಲ್ಲಿ ಆದ ಹಿಗ್ಗು ತಣಿದರೂ ಹಿಂದಕ್ಕೆ ಬರುವುದಿಲ್ಲ. ಒಳಗಿನ ಒತ್ತಡದಿಂದ ಲೋಹ ನಿಧಾನವಾಗಿ ಜಗ್ಗುವುದೂ ಉಂಟು, ಆದರೆ ಯಾರೂ ಎಳೆಯದೆ, ಒತ್ತದೆ ಇದ್ದರೂ ನ್ಯೂಟ್ರಾನುಗಳ ಹೊಡೆತಕ್ಕೆ ಸಿಕ್ಕ ಜಿರ್ಕೋನಿಯಮ್ ಕೊಳವೆ ತಾನೇ ತಾನಾಗಿ ಉದ್ದವಾಗುತ್ತದೆ. ಅದರ ಘನ ಅಳತೆ ಮಾತ್ರ ಹೆಚ್ಚುವುದಿಲ್ಲ. ಒಂದು ದಿಕ್ಕಿನಲ್ಲಿ ಬೆಳೆದದ್ದನ್ನು ಇನ್ನೊಂದು ದಿಕ್ಕಿನಲ್ಲಿ ಕಳೆದುಕೊಂಡಿರುತ್ತದೆ! ಕೆನಡಾ ದೇಶದ ಆರಂಭದ ರಿಯಾಕ್ಟರುಗಳಲ್ಲಿ ಈ ಬೆಳವಣಿಗೆಯನ್ನು ಕಡಿಮೆ ಅಂದಾಜು ಮಾಡಿದ್ದರಿಂದ ಕೊಳವೆಯ ತುದಿಗಳಿಗೆ ಜರುಗಲು ಬಿಟ್ಟಿದ್ದ ಜಾಗ ಸಾಲದೆ ಹೋಯಿತು.

ಉದ್ದದ ದಿಕ್ಕಿನಲ್ಲೇ ಏಕೆ ಬೆಳೆಯಬೇಕು? ಉತ್ತರ ಹುಡುಕಲು ರಿಯಾಕ್ಟರಿನಿಂದ ಹೊರಬಂದು ಕೊಳವೆ ತಯಾರಾದ ಕಾರ್ಖಾನೆಗೆ ಹೋಗಬೇಕು. ನಮ್ಮ ದೇಶದಲ್ಲಿ ಅದು ಹೈದರಾಬಾದಿನ ಪರಮಾಣು ಇಂಧನ ಸಂಕೀರ್ಣ. 1971ರಲ್ಲಿ ಸ್ಥಾಪನೆಯಾದದ್ದು. ಕೇರಳ ಮತ್ತು ತಮಿಳುನಾಡಿನ ಕಡಲತೀರದ ಮರಳಿನಲ್ಲಿ ದೊರೆಯುವ ಜಿರ್ಕಾನ್ ಖನಿಜದಿಂದ ಹೊರಟ ಲೋಹ ಅಲ್ಲಿ ಕೊಳವೆಯ ರೂಪ ತಳೆಯುತ್ತದೆ. ಈ ಪಯಣದ ಒಂದು ಘಟ್ಟದಲ್ಲಿ, ಸುಮಾರು 800 ಡಿಗ್ರಿಯಲ್ಲಿ ಕೆಂಪಗೆ ಕಾದ ಲೋಹವನ್ನು ಅಚ್ಚಿನ ಮೂಲಕ ಒತ್ತಿ ತೂರಿಸುವಾಗ, ಅದರ ಮುಂದಿನ ಹಣೆಬರಹದ ದೊಡ್ಡ ಪಾಲು ತೀರ್ಮಾನವಾಗಿಬಿಡುತ್ತದೆ.

ಪೆನ್ಸಿಲ್ಲಿನಂಥ ಹರಳು

ಯಾವುದೇ ಲೋಹದ ತುಂಡು ಅಸಂಖ್ಯ ಸಣ್ಣ ಹರಳುಗಳ ಒಟ್ಟುಗೂಡಿಕೆ. ಪ್ರತಿ ಹರಳಿನೊಳಗೆ ಪರಮಾಣುಗಳು ಕಟ್ಟುನಿಟ್ಟಾಗಿ ಜೋಡಣೆಗೊಂಡಿರುತ್ತವೆ. ಆದರೆ ಪಕ್ಕದ ಹರಳಿನಲ್ಲಿ ಅದೇ ಜೋಡಣೆ ಬೇರೊಂದು ದಿಕ್ಕಿಗೆ ವಾಲಿರುತ್ತದೆ. ಎಲ್ಲ ಹರಳುಗಳೂ ದಿಕ್ಕಾಪಾಲಾಗಿದ್ದರೆ ಒಟ್ಟು ತುಂಡು ಎಲ್ಲ ದಿಕ್ಕಿನಲ್ಲೂ ಒಂದೇ ಬಗೆಯಾಗಿ ವರ್ತಿಸುತ್ತದೆ. ಹಾಗಿರದೆ ಬಹುಪಾಲು ಹರಳುಗಳು ಒಂದೇ ಕಡೆಗೆ ಮುಖ ಮಾಡಿದ್ದರೆ ಆ ಸ್ಥಿತಿಯನ್ನು ಲೋಹವಿಜ್ಞಾನಿಗಳು ಟೆಕ್ಸ್‌ಚರ್ ಎನ್ನುತ್ತಾರೆ. ನಾವು ಇದನ್ನು ದಿಶಾವಿನ್ಯಾಸ ಎನ್ನೋಣ. ಬಟ್ಟೆಯ ಮೇಲ್ಮೈಯನ್ನು ಕೈಯಿಂದ ಸವರಿ ತಿಳಿಯುವ ‘ಟೆಕ್ಸ್‌ಚರ್’ಗೂ ಇದಕ್ಕೂ ಸಂಬಂಧವಿಲ್ಲ. ಕನ್ನಡಿಯಂತೆ ಹೊಳೆಯುವ ಲೋಹದಲ್ಲೂ ಇದು ಇರಬಹುದು.

ಜಿರ್ಕೋನಿಯಮಿನ ಹರಳು ಹೇಗಿರುತ್ತದೆ? ಸಾಮಾನ್ಯ ಉಷ್ಣತೆಯಲ್ಲಿ ಅದರ ಪರಮಾಣುಗಳು ಷಡ್ಭುಜ ಪಟ್ಟಕದ ಆಕಾರದಲ್ಲಿ ಒತ್ತಾಗಿ ಕೂಡುತ್ತವೆ. ಇದಕ್ಕೆ ಆಲ್ಫಾ ಸ್ಥಿತಿ ಎಂದು ಹೆಸರು. ತರಗತಿಯಲ್ಲಿ ವಿವರಿಸಲು ಆರು ಮುಖದ ಸೀಸದ ಪೆನ್ಸಿಲ್ಲಿಗಿಂತ ಒಳ್ಳೆಯ ಉಪಕರಣ ಬೇಡ. ಸೀಸದ ಕಡ್ಡಿ ಇರುವ ದಿಕ್ಕನ್ನು ‘ಸಿ’ ಅಕ್ಷ ಎನ್ನಿ. ಅಡ್ಡಕ್ಕೆ ಕತ್ತರಿಸಿದಾಗ ಕಾಣುವ ಷಡ್ಭುಜದಲ್ಲಿ, ನಡುವಿನಿಂದ ಮೂಲೆಗಳತ್ತ ಹೋಗುವ ದಿಕ್ಕುಗಳು ‘ಎ’ ಅಕ್ಷಗಳು. ಒಂದೇ ಗಾತ್ರದ ಗೋಲಿಗಳನ್ನು ಹೀಗೆ ಒತ್ತಾಗಿ ಪೇರಿಸಿದರೆ ಸಿ ಮತ್ತು ಎ ಅಳತೆಗಳ ಅನುಪಾತ 1.633 ಇರಬೇಕು. ಜಿರ್ಕೋನಿಯಮಿನಲ್ಲಿ ಅದು 1.593. ಎಂದರೆ ಪೆನ್ಸಿಲ್ ತುಸು ಗಿಡ್ಡ. ಸತುವಿನಲ್ಲಿ 1.856, ಅದು ಉದ್ದನೆಯ ಪೆನ್ಸಿಲ್.

ಸಣ್ಣದೆಂದು ತೋರುವ ಈ ವ್ಯತ್ಯಾಸ ದೊಡ್ಡ ಪರಿಣಾಮದ ಜೊತೆಗಾರ. ಲೋಹವನ್ನು ಬಡಿದಾಗ ಅಥವಾ ಎಳೆದಾಗ ಹರಳಿನೊಳಗಿನ ಪರಮಾಣು ಪದರಗಳು ಒಂದರ ಮೇಲೊಂದು ಜಾರುತ್ತವೆ. ಸತುವಿನಲ್ಲಿ ಈ ಜಾರುವಿಕೆ ನಾಣ್ಯಗಳ ಪೇರಿಕೆಯಂತೆ, ಪೆನ್ಸಿಲ್ಲಿನ ತಳಕ್ಕೆ ಸಮಾಂತರವಾಗಿ ಆಗುತ್ತದೆ. ಜಿರ್ಕೋನಿಯಮಿನಲ್ಲಿ ಸುಲಭದ ಜಾರುತಲ ತಳವಲ್ಲ, ಪಕ್ಕದ ಮುಖ. ಜಾರುವ ದಿಕ್ಕು ಮಾತ್ರ ಎರಡರಲ್ಲೂ ‘ಎ’. ಹರಳಿನ ಅಳತೆಗಳ ಜೊತೆಗೆ ಪರಮಾಣುಗಳ ಎಲೆಕ್ಟ್ರಾನ್ ರಚನೆಯೂ ಇದಕ್ಕೆ ಕಾರಣ.

ಈಗ ಒಂದು ಪ್ರಶ್ನೆಯನ್ನು ವಿದ್ಯಾರ್ಥಿಗಳ ಮುಂದಿಡಿ. ಪದರಗಳು ಜಾರುವುದು ಬರೀ ‘ಎ’ ದಿಕ್ಕಿನಲ್ಲಾದರೆ ಹರಳು ತನ್ನ ‘ಸಿ’ ದಿಕ್ಕಿನಲ್ಲಿ ಉದ್ದವಾಗಬಲ್ಲುದೆ? ಆಗದು. ಪೆನ್ಸಿಲ್ಲು ಅಗಲಕ್ಕೆ ಹೇಗೆ ಬೇಕಾದರೂ ಚಪ್ಪಟೆಯಾಗಬಹುದು, ಆದರೆ ಸೀಸದ ಕಡ್ಡಿಯ ಉದ್ದ ಕೂದಲೆಳೆಯಷ್ಟೂ ಬದಲಾಗದು. ಒಂಟಿ ಹರಳಿಗಾದರೆ ಚಿಂತೆಯಿಲ್ಲ. ಆದರೆ ಸುತ್ತ ಬೇರೆ ಹರಳುಗಳು ಅಂಟಿಕೊಂಡಿರುವಾಗ ಪ್ರತಿಯೊಂದೂ ನೆರೆಯವರಿಗೆ ಹೊಂದುವಂತೆ ಆಕಾರ ಬದಲಿಸಬೇಕು, ಇಲ್ಲವಾದರೆ ನಡುವೆ ಬಿರುಕು. ಹರಳೊಂದು ಯಾವ ಆಕಾರಕ್ಕೆ ಬೇಕಾದರೂ ಹೊಂದಿಕೊಳ್ಳಲು ಒಂದನ್ನೊಂದು ಅವಲಂಬಿಸದ ಐದು ಜಾರುವಿಕೆಗಳು ಬೇಕು. ಈ ನಿಯಮವನ್ನು ಬಳಸಿ ಲೋಹಗಳ ವಿರೂಪವನ್ನು ಲೆಕ್ಕ ಹಾಕಿದವನು ಇಂಗ್ಲೆಂಡಿನ ಜೆಫ್ರಿ ಇಂಗ್ರಾಮ್ ಟೇಲರ್, 1938ರಲ್ಲಿ. ಪಕ್ಕದ ಮುಖಗಳ ಜಾರುವಿಕೆ ಕೊಡುವುದು ಎರಡನ್ನು ಮಾತ್ರ. ಉಳಿದ ಮೂರಕ್ಕೆ ಹರಳು ಬೇರೆ ದಾರಿ ಹುಡುಕಬೇಕು.

ತಣ್ಣಗಿರುವಾಗ ಅದು ಹಿಡಿಯುವ ದಾರಿ ಅವಳಿ ರಚನೆ. ಹರಳಿನ ಒಂದು ಪಟ್ಟಿ ಇದ್ದಕ್ಕಿದ್ದಂತೆ ವಾಲಿ, ಉಳಿದ ಭಾಗದ ಕನ್ನಡಿ ಬಿಂಬದಂತೆ ನಿಲ್ಲುತ್ತದೆ. ತವರದ ಕಡ್ಡಿಯನ್ನು ಕಿವಿಯ ಬಳಿ ಬಗ್ಗಿಸಿದರೆ ಕಿರ್ರೆನ್ನುವ ಸದ್ದು ಕೇಳುತ್ತದಲ್ಲ, ಅದು ಅವಳಿಗಳು ಹುಟ್ಟುವ ಸದ್ದು. ಜಿರ್ಕೋನಿಯಮನ್ನು ‘ಸಿ’ ದಿಕ್ಕಿನಲ್ಲಿ ಎಳೆದಾಗ ಮೂಡುವ ಮುಖ್ಯ ಅವಳಿಯಲ್ಲಿ ಸಿ ಅಕ್ಷ ಸುಮಾರು 85 ಡಿಗ್ರಿ ತಿರುಗುತ್ತದೆ. ನೆಟ್ಟಗೆ ನಿಂತಿದ್ದ ಪೆನ್ಸಿಲ್ ಒಂದೇ ಏಟಿಗೆ ಮಲಗಿದಂತೆ!

ಕಾದಾಗ ಬದಲಾಗುವ ಆಟ

ಬಿಸಿ ಮಾಡಿದಾಗ ಈ ಚಿತ್ರವೆಲ್ಲ ಬದಲಾಗುತ್ತದೆ. ಉಷ್ಣತೆ ಏರಿದಂತೆ ಜಾರುವಿಕೆ ಸಲೀಸಾಗುತ್ತದೆ, ಅವಳಿಗಳು ಹುಟ್ಟುವುದು ಬಹುತೇಕ ನಿಂತುಹೋಗುತ್ತದೆ. ತಣ್ಣಗಿದ್ದಾಗ ಹಟ ಹಿಡಿದಿದ್ದ ತಳದ ಪದರಗಳೂ ಜಾರತೊಡಗುತ್ತವೆ. ‘ಸಿ’ ಮತ್ತು ‘ಎ’ ಎರಡನ್ನೂ ಕೂಡಿಸಿದ ಓರೆ ದಿಕ್ಕಿನ ಜಾರುವಿಕೆಯೂ ಸಾಧ್ಯವಾಗುತ್ತದೆ. ಆದರೂ ಓರೆ ಜಾರುವಿಕೆಗೆ ಬೇಕಾದ ಬಲ ಉಳಿದವಕ್ಕಿಂತ ಹೆಚ್ಚೇ. ಹೀಗಾಗಿ ಹರಳಿನ ‘ಸಿ’ ದಿಕ್ಕು ಬಿಸಿಯಲ್ಲೂ ಗಡಸು ದಿಕ್ಕಾಗಿಯೇ ಉಳಿಯುತ್ತದೆ. ಇದನ್ನು ನೆನಪಿಡಿ.

ಜಾರಿದರೆ ಹರಳು ತಿರುಗುವುದೇಕೆ ಎಂಬ ಸಂದೇಹ ಬರಬಹುದು. ಒಂದು ಕಟ್ಟು ಇಸ್ಪೀಟು ಎಲೆಗಳನ್ನು ಓರೆಯಾಗಿ ಹಿಡಿದು ಎರಡು ತುದಿಗಳಿಂದ ಎಳೆಯುವುದನ್ನು ಊಹಿಸಿಕೊಳ್ಳಿ. ಎಲೆಗಳು ಜಾರಿದಂತೆ ಮೇಲಿನ ತುದಿ ಒಂದು ಪಕ್ಕಕ್ಕೆ, ಕೆಳಗಿನದು ಇನ್ನೊಂದು ಪಕ್ಕಕ್ಕೆ ಸರಿಯುತ್ತವೆ. ಆದರೆ ಎಳೆಯುವ ಕೈಗಳು ಒಂದೇ ನೇರದಲ್ಲಿರಬೇಕೆಂದರೆ? ಇಡೀ ಕಟ್ಟೇ ತಿರುಗಬೇಕು. ಎಲೆಗಳು ಎಳೆತದ ದಿಕ್ಕಿಗೆ ವಾಲುತ್ತವೆ. ಒತ್ತಿದರೆ ಇದರ ತಿರುವುಮುರುವು: ಎಲೆಗಳು ಒತ್ತಡಕ್ಕೆ ಅಡ್ಡಲಾಗಿ ಚಪ್ಪಟೆಯಾಗಿ ಮಲಗಲು ಹೋಗುತ್ತವೆ. ಲೋಹದಲ್ಲಿ ಕೈಗಳ ಬದಲಿಗೆ ಸುತ್ತಲಿನ ಹರಳುಗಳು ಈ ಕಟ್ಟುಪಾಡು ಹೇರುತ್ತವೆ. ಕಟ್ಟನ್ನು ನಿಜವಾಗಿಯೇ ಎಳೆದು ತೋರಿಸಲು ಹೋದರೆ ಎಲೆಗಳು ಚೆಲ್ಲಿ ತರಗತಿಯೆಲ್ಲ ನಗುತ್ತದೆ. ಎಲೆಗಳ ನಡುವೆ ತೆಳುವಾಗಿ ಗೋಂದು ಸವರಿಕೊಳ್ಳುವುದು ಲೇಸು.

ಅಚ್ಚಿನೊಳಗೆ

ಶಾವಿಗೆ ಒರಳನ್ನು ನೋಡಿದವರಿಗೆ ಬಿಸಿ ಅಚ್ಚಿನ ಕೆಲಸ ಬಿಡಿಸಿ ಹೇಳಬೇಕಿಲ್ಲ. ಹಿಟ್ಟಿನ ಬದಲು ನಡುವೆ ತೂತಿರುವ ಜಿರ್ಕೋನಿಯಮ್ ದಿಮ್ಮಿ. ತೂತಿನೊಳಗೆ ಉಕ್ಕಿನ ದಂಡ, ಮುಂದೆ ಕಿರಿದಾದ ಅಚ್ಚು, ಹಿಂದಿನಿಂದ ಭಾರಿ ಒತ್ತುಯಂತ್ರ. ಅಚ್ಚಿಗೂ ದಂಡಕ್ಕೂ ನಡುವಿನ ಸಂದಿನಿಂದ ಲೋಹ ಕೊಳವೆಯಾಗಿ ಹೊರಬರುತ್ತದೆ. ಕೆನಡಾದ ಪದ್ಧತಿಯಲ್ಲಿ ಉಷ್ಣತೆ ಸುಮಾರು 815 ಡಿಗ್ರಿ. ಅಡ್ಡಕೊಯ್ತದ ವಿಸ್ತೀರ್ಣ ಹನ್ನೊಂದರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಎಂದರೆ ಲೋಹದ ಪ್ರತಿ ಅಂಶವೂ ಉದ್ದದಲ್ಲಿ ಹನ್ನೊಂದು ಪಟ್ಟು ಎಳೆದುಕೊಳ್ಳುತ್ತದೆ.

ಒಂದು ಹರಳಿನ ದೃಷ್ಟಿಯಿಂದ ಇದನ್ನು ನೋಡೋಣ. ಕೊಳವೆಗೆ ಮೂರು ದಿಕ್ಕುಗಳು: ಉದ್ದ, ಸುತ್ತಳತೆ, ಗೋಡೆಯ ದಪ್ಪ. ಉದ್ದದಲ್ಲಿ ಎಳೆತ, ಉಳಿದೆರಡರಲ್ಲಿ ಒತ್ತುವಿಕೆ. ಸಿ ಅಕ್ಷ ಉದ್ದಕ್ಕೆ ಮುಖ ಮಾಡಿದ ಹರಳಿಗೆ ಇಲ್ಲಿ ಬಹಳ ಕಷ್ಟ, ಅದು ತನ್ನ ಗಡಸು ದಿಕ್ಕಿನಲ್ಲೇ ಹಿಗ್ಗಬೇಕು. ಅಂಥವು ಸ್ವಲ್ಪ ಓರೆಯಾದರೂ ಸಾಕು, ತಳದ ಪದರಗಳು ಇಸ್ಪೀಟು ಎಲೆಗಳಂತೆ ಜಾರಿ, ಎಳೆತದ ದಿಕ್ಕಿಗೆ ವಾಲಿ, ಸಿ ಅಕ್ಷವನ್ನು ಉದ್ದದಿಂದ ದೂರಕ್ಕೆ ತಿರುಗಿಸುತ್ತವೆ. ಬಹುಪಾಲು ಸಿ ಅಕ್ಷಗಳು ಹೀಗೆ ಕೊಳವೆಗೆ ಅಡ್ಡಲಾಗಿ ಬೀಳುತ್ತವೆ. ಆದರೆ ಅಡ್ಡಲಾಗಿ ಎಂದರೆ ಸುತ್ತಳತೆಯ ಗುಂಟವೋ, ದಪ್ಪದ ಗುಂಟವೋ? ಯಾವ ಕಡೆ ಹೆಚ್ಚು ಒತ್ತು ಬಿತ್ತೋ ಆ ಕಡೆಗೆ. ದಿಮ್ಮಿ ಕೊಳವೆಯಾಗುವಾಗ ವ್ಯಾಸ ಬಹಳವಾಗಿ ಕಿರಿದಾದರೆ ಸುತ್ತಳತೆಯ ದಿಕ್ಕಿಗೆ, ಗೋಡೆ ಹೆಚ್ಚು ತೆಳುವಾದರೆ ದಪ್ಪದ ದಿಕ್ಕಿಗೆ ಸಿ ಅಕ್ಷಗಳು ಸಾಲುಗೂಡುತ್ತವೆ. ಒತ್ತಡ ಕೊಳವೆಗಳಲ್ಲಿ ಮೊದಲನೆಯದು ಗೆಲ್ಲುತ್ತದೆ. ಇಂಧನ ಗುಳಿಗೆಗಳನ್ನು ಮುಚ್ಚುವ ತೆಳು ಕವಚಗಳನ್ನು ಉರುಳೆಗಳ ನಡುವೆ ಹಂತಹಂತವಾಗಿ ಇಳಿಸುವಾಗ ಬೇಕೆಂದೇ ಗೋಡೆಯನ್ನು ಹೆಚ್ಚು ತೆಳುಗೊಳಿಸಿ ಎರಡನೆಯದನ್ನು ಗೆಲ್ಲಿಸುತ್ತಾರೆ.

ಇಷ್ಟೇ ಆಗಿದ್ದರೆ ವಿಷಯ ಸರಳವಿತ್ತು. ಆದರೆ 800 ಡಿಗ್ರಿಯಲ್ಲಿ ದಿಮ್ಮಿಯೊಳಗೆ ಇನ್ನೊಂದು ಪಾತ್ರಧಾರಿಯ ಪ್ರವೇಶವಾಗಿರುತ್ತದೆ. ಶುದ್ಧ ಜಿರ್ಕೋನಿಯಮ್ ಸುಮಾರು 863 ಡಿಗ್ರಿಯಲ್ಲಿ ಷಡ್ಭುಜ ರಚನೆ ಬಿಟ್ಟು ಘನಾಕೃತಿಯ ಬೀಟಾ ಸ್ಥಿತಿಗೆ ಬದಲಾಗುತ್ತದೆ. ನಯೋಬಿಯಮ್ ಬೆರೆತಾಗ ಬೀಟಾ ಸುಮಾರು 610 ಡಿಗ್ರಿಯಿಂದಲೇ ಮೂಡತೊಡಗುತ್ತದೆ. ಹೀಗಾಗಿ ಅಚ್ಚಿನೊಳಗೆ ಹೋಗುವುದು ಆಲ್ಫಾ, ಬೀಟಾ ಎರಡರ ಮಿಶ್ರಣ. ಆ ಉಷ್ಣತೆಯಲ್ಲಿ ಬೀಟಾ ಮೃದು. ವಿರೂಪದ ಹೆಚ್ಚಿನ ಭಾರವನ್ನು ಅದೇ ಹೊತ್ತುಕೊಳ್ಳುತ್ತದೆ. ಆಲ್ಫಾ ಹರಳುಗಳು ಹಿಟ್ಟಿನೊಳಗಿನ ಅವಲಕ್ಕಿಯಂತೆ ಹರಿವಿನಲ್ಲಿ ಹೊರಳಿ, ಚಪ್ಪಟೆಯಾಗಿ, ಉದ್ದುದ್ದ ಪಟ್ಟಿಗಳಾಗುತ್ತವೆ. ಉಷ್ಣತೆ ಏರಿದಂತೆ ಬೀಟಾದ ಪಾಲು ಏರುತ್ತದೆ, ಆಲ್ಫಾ ಹರಳುಗಳ ಮೇಲೆ ಬೀಳುವ ಒತ್ತಾಯ ಕಡಿಮೆಯಾಗುತ್ತದೆ. ಅಂತಿಮ ದಿಶಾವಿನ್ಯಾಸ ಕೆಲವೇ ಹತ್ತು ಡಿಗ್ರಿಗಳ ವ್ಯತ್ಯಾಸಕ್ಕೂ ಸ್ಪಂದಿಸುವುದು ಇದರಿಂದಲೇ.

ಹೊರಬಂದ ಕೊಳವೆ ತಣಿಯುವಾಗ ಬೀಟಾದ ಒಂದಷ್ಟು ಭಾಗ ಮತ್ತೆ ಆಲ್ಫಾ ಆಗುತ್ತದೆ. ಉಳಿದದ್ದು ಪಟ್ಟಿಗಳ ನಡುವೆ ತೆಳುಪದರವಾಗಿ ನಿಲ್ಲುತ್ತದೆ. ಹೊಸ ಆಲ್ಫಾ ಹೇಗೆಂದರೆ ಹಾಗೆ ಹುಟ್ಟುವುದಿಲ್ಲ. ಅದು ತಾಯಿ ಬೀಟಾ ಹರಳಿನ ದಿಕ್ಕನ್ನು ಅನುಸರಿಸುತ್ತದೆ. 1934ರಲ್ಲಿ ಬರ್ಗರ್ಸ್ ಎಂಬ ಡಚ್ ವಿಜ್ಞಾನಿ ಜಿರ್ಕೋನಿಯಮಿನಲ್ಲೇ ಈ ಸಂಬಂಧವನ್ನು ಕಂಡುಹಿಡಿದನು. ಘನದ ಎರಡೆರಡು ಎದುರು ಅಂಚುಗಳನ್ನು ಕೂಡಿಸುವ ಕರ್ಣತಲಗಳು ಒಟ್ಟು ಆರು. ಅವುಗಳಲ್ಲೊಂದು ಆಲ್ಫಾದ ಷಡ್ಭುಜ ತಳವಾಗುತ್ತದೆ. ಪ್ರತಿ ತಲದ ಮೇಲೂ ಕೂರುವ ಬಗೆ ಎರಡು. ಆದ್ದರಿಂದ ಒಂದು ಬೀಟಾ ಹರಳಿಗೆ ಹನ್ನೆರಡು ಬಗೆಯ ಆಲ್ಫಾ ಮಕ್ಕಳು ಹುಟ್ಟಬಹುದು. ಹಿಂದಿನ ಹಂತದಲ್ಲಿ ಮೂಡಿದ ದಿಶಾವಿನ್ಯಾಸವನ್ನು ಅಳಿಸಲು ದಿಮ್ಮಿಯನ್ನು ಪೂರ್ತಿ ಬೀಟಾ ಆಗುವವರೆಗೆ ಕಾಯಿಸಿ ನೀರಿನಲ್ಲಿ ಅದ್ದುವುದು ಈ ಕಾರಣಕ್ಕೆ. ಒಂದೇ ಕಡೆ ಮುಖ ಮಾಡಿದ್ದವು ಹನ್ನೆರಡು ಕಡೆಗೆ ಚದುರುತ್ತವೆ.

ಬೆಳವಣಿಗೆಯ ಲೆಕ್ಕ

ಕೋಟ್ಯಂತರ ಹರಳುಗಳ ದಿಕ್ಕನ್ನು ಒಂದೆರಡು ಸಂಖ್ಯೆಗಳಲ್ಲಿ ಹೇಳುವುದು ಹೇಗೆ? ಕ್ಷಕಿರಣಗಳನ್ನು ಹಾಯಿಸಿ, ಮಾದರಿಯನ್ನು ಎಲ್ಲ ಕೋನಗಳಿಗೂ ವಾಲಿಸಿ ತಿರುಗಿಸುತ್ತ, ಯಾವ ಕೋನದಲ್ಲಿ ಎಷ್ಟು ಹರಳುಗಳ ತಳ ಎದುರಾಗುತ್ತದೆಂದು ಅಳೆಯುತ್ತಾರೆ. 1949ರಲ್ಲಿ ಶುಲ್ಜ್ ರೂಪಿಸಿದ ಈ ಪ್ರತಿಫಲನ ವಿಧಾನ ಇಂದಿಗೂ ಬಳಕೆಯಲ್ಲಿದೆ. ಈಚಿನ ದಶಕಗಳಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಒಂದೊಂದೇ ಹರಳಿನ ದಿಕ್ಕನ್ನು ಓದುವುದೂ ಸಾಧ್ಯವಾಗಿದೆ. ಅಳತೆಗಳಿಂದ 1965ರಲ್ಲಿ ಅಮೆರಿಕದ ಕರ್ನ್ಸ್ ಒಂದು ಸರಳ ಅಂಕವನ್ನು ಸೂಚಿಸಿದನು. ಪ್ರತಿ ಹರಳಿನ ಸಿ ಅಕ್ಷ ಕೊಳವೆಯ ಒಂದು ದಿಕ್ಕಿನೊಡನೆ ಮಾಡುವ ಕೋನದ ಕೊಸೈನಿನ ವರ್ಗ, ಅದರ ಸರಾಸರಿ. ಅಷ್ಟೇ. ಮೂರು ದಿಕ್ಕುಗಳ ಅಂಕಗಳನ್ನು ಕೂಡಿದರೆ ಯಾವಾಗಲೂ 1. ಹರಳುಗಳು ದಿಕ್ಕಾಪಾಲಾಗಿದ್ದರೆ ಪ್ರತಿಯೊಂದೂ ಮೂರನೆಯ ಒಂದು.

ಒತ್ತಡ ಕೊಳವೆಯಲ್ಲಿ ಸುತ್ತಳತೆಯ ಅಂಕ 0.6ರ ಮೇಲೆ, ದಪ್ಪದ್ದು 0.3ರ ಹತ್ತಿರ, ಉದ್ದದ್ದು 0.1ಕ್ಕೂ ಕಡಿಮೆ ಇರುವುದು ಸಾಮಾನ್ಯ. ಉದಾಹರಣೆಗೆ 0.63, 0.30, 0.07 ಎಂದಿಟ್ಟುಕೊಳ್ಳೋಣ.

ನ್ಯೂಟ್ರಾನುಗಳು ಬಡಿದಾಗ ಪರಮಾಣುಗಳು ತಮ್ಮ ಜಾಗದಿಂದ ಕಿತ್ತುಹೋಗುತ್ತವೆ. ಕಿತ್ತುಬಂದವು ಹರಳಿನ ಪಕ್ಕದ ಮುಖಗಳಿಗೆ ಹೊಸ ಪದರವಾಗಿ ಸೇರುವುದು ಹೆಚ್ಚು. ಖಾಲಿ ಜಾಗಗಳು ತಳದ ಪದರಗಳಲ್ಲಿ ಸೇರಿ ಅಲ್ಲಿ ಕುಸಿತ ತರುತ್ತವೆ. ಫಲಿತಾಂಶ: ಹರಳು ‘ಎ’ ತಲದ ಎರಡೂ ಅಡ್ಡ ದಿಕ್ಕುಗಳಲ್ಲಿ ಒಂದೊಂದು ಪಾಲು ಹಿಗ್ಗುತ್ತದೆ, ‘ಸಿ’ ದಿಕ್ಕಿನಲ್ಲಿ ಎರಡು ಪಾಲು ಕುಗ್ಗುತ್ತದೆ. ಪೆನ್ಸಿಲ್ ಗಿಡ್ಡವಾಗಿ ದಪ್ಪವಾಗುತ್ತದೆ, ಘನ ಅಳತೆ ಹಾಗೆಯೇ ಉಳಿಯುತ್ತದೆ. ಸಿ ಅಕ್ಷಕ್ಕೆ ಓರೆಯಾಗಿರುವ ಯಾವುದೇ ದಿಕ್ಕಿನಲ್ಲಿ ಬೆಳವಣಿಗೆ ಎಷ್ಟು? ಸೈನಿನ ವರ್ಗದಷ್ಟು ಹಿಗ್ಗು, ಅದರಿಂದ ಕೊಸೈನಿನ ವರ್ಗದ ಎರಡರಷ್ಟು ಕುಗ್ಗನ್ನು ಕಳೆಯಿರಿ. ಸೈನಿನ ವರ್ಗ ಎಂದರೆ 1ರಿಂದ ಕೊಸೈನಿನ ವರ್ಗವನ್ನು ಕಳೆದದ್ದು. ಆದ್ದರಿಂದ ಉತ್ತರ, 1ರಿಂದ ಕೊಸೈನಿನ ವರ್ಗದ ಮೂರರಷ್ಟನ್ನು ಕಳೆದದ್ದು. ಎಲ್ಲ ಹರಳುಗಳ ಸರಾಸರಿ ತೆಗೆದುಕೊಂಡರೆ, 1ರಿಂದ ಕರ್ನ್ಸ್ ಅಂಕದ ಮೂರರಷ್ಟನ್ನು ಕಳೆದದ್ದು.

ನಮ್ಮ ಕೊಳವೆಗೆ ಇದನ್ನು ಹಾಕಿ ನೋಡಿ. ಉದ್ದಕ್ಕೆ 1 − 0.21 = 0.79. ದಪ್ಪಕ್ಕೆ 1 − 0.90 = 0.10. ಸುತ್ತಳತೆಗೆ 1 − 1.89 = −0.89. ಮೂರನ್ನೂ ಕೂಡಿದರೆ ಸೊನ್ನೆ! ಕೊಳವೆ ಉದ್ದವಾಗುವುದಕ್ಕೆ ಕಾರಣ ಇದೇ. ಅಂಕ ಮೂರನೆಯ ಒಂದು ಆದರೆ 1 − 1 = 0, ದಿಕ್ಕಾಪಾಲಾದ ಹರಳುಗಳ ಕೊಳವೆ ಬೆಳೆಯುವುದೇ ಇಲ್ಲ. ನೆರೆಹೊರೆಯ ಹರಳುಗಳ ತಿಕ್ಕಾಟ, ಒತ್ತಡದಿಂದಾಗುವ ನಿಧಾನ ಜಗ್ಗುವಿಕೆ ಇವನ್ನು ನಾವು ಬಿಟ್ಟಿದ್ದೇವೆ. ಆದರೂ ದಿಕ್ಕನ್ನು ಈ ಪುಟ್ಟ ಲೆಕ್ಕ ಸರಿಯಾಗಿ ಹೇಳುತ್ತದೆ.

ಒಂದು ಎಚ್ಚರಿಕೆ ಅಗತ್ಯ. ಅಂಕ ಮೂರನೆಯ ಒಂದು ಎಂದ ಮಾತ್ರಕ್ಕೆ ಹರಳುಗಳು ದಿಕ್ಕಾಪಾಲಾಗಿವೆ ಎನ್ನುವಂತಿಲ್ಲ. ಒಂದೇ ಒಂದು ಬೀಟಾ ಹರಳಿನಿಂದ ಹನ್ನೆರಡು ಬಗೆಯ ಆಲ್ಫಾ ಸಮಪಾಲಿನಲ್ಲಿ ಹುಟ್ಟಿದರೂ ಪ್ರತಿ ದಿಕ್ಕಿನ ಅಂಕ ಮೂರನೆಯ ಒಂದೇ ಆಗುತ್ತದೆ. ಆರು ಕರ್ಣತಲಗಳ ಲಂಬಗಳಲ್ಲಿ ಒಂದನ್ನು ಕೊಳವೆಯ ಉದ್ದಕ್ಕಿಟ್ಟರೆ ಉಳಿದವುಗಳಲ್ಲಿ ನಾಲ್ಕು 60 ಡಿಗ್ರಿಯಲ್ಲಿ, ಒಂದು 90 ಡಿಗ್ರಿಯಲ್ಲಿ ಇರುತ್ತವೆ. ಕೊಸೈನ್ ವರ್ಗಗಳ ಮೊತ್ತ 1 + 4 × 0.25 + 0 = 2. ಆರರಿಂದ ಭಾಗಿಸಿದರೆ ಮೂರನೆಯ ಒಂದು. ಸರಾಸರಿ ಅಂಕವನ್ನೇ ನಂಬಿ ಕೂರುವವರಿಗೆ ಇದು ಒಳ್ಳೆಯ ಮನೆಗೆಲಸ.

ಹಾಗಾದರೆ ಬೆಳೆಯದ ಕೊಳವೆಯನ್ನೇ ಏಕೆ ಮಾಡಬಾರದು? ಇಲ್ಲೇ ಇಕ್ಕಟ್ಟು. ಒಳಗಿನ ಒತ್ತಡ ಕೊಳವೆಯನ್ನು ಸುತ್ತಳತೆಯ ದಿಕ್ಕಿನಲ್ಲೇ ಹೆಚ್ಚು ಎಳೆಯುತ್ತದೆ. ಗಡಸಾದ ಸಿ ಅಕ್ಷ ಆ ದಿಕ್ಕಿಗಿದ್ದರೆ ಕೊಳವೆ ಅಲ್ಲಿ ಬಲವಾಗಿರುತ್ತದೆ, ವ್ಯಾಸ ಬೇಗ ಹಿಗ್ಗುವುದಿಲ್ಲ. ವ್ಯಾಸ ಹಿಗ್ಗಿದರೆ ತಂಪುಗೊಳಿಸಬೇಕಾದ ಭಾರಜಲ ಇಂಧನದ ಕಂತೆಯನ್ನು ತಪ್ಪಿಸಿ ಮೇಲಿನ ಸಂದಿಯಿಂದ ಹರಿದುಹೋಗುತ್ತದೆ. ಆದರೆ ಇದೇ ಜೋಡಣೆಗೆ ಇನ್ನೊಂದು ಮುಖವಿದೆ. ವರ್ಷಗಟ್ಟಲೆ ಬಿಸಿ ಭಾರಜಲದಲ್ಲಿದ್ದ ಲೋಹ ಅದರ ಹೈಡ್ರೋಜನನ್ನು (ಸರಿಯಾಗಿ ಹೇಳುವುದಾದರೆ ಡ್ಯೂಟೀರಿಯಮನ್ನು) ಹೀರುತ್ತದೆ. ಅದು ಕರಗುವ ಮಿತಿ ಮೀರಿದಾಗ ಹೈಡ್ರೈಡ್ ಎಂಬ ಪೆಡಸು ಬಿಲ್ಲೆಗಳಾಗಿ, ಹರಳಿನ ತಳಕ್ಕೆ ಹೆಚ್ಚುಕಡಿಮೆ ಸಮಾಂತರವಾಗಿ ಕೂರುತ್ತದೆ. ಸಿ ಅಕ್ಷ ಸುತ್ತಳತೆಗಿದ್ದರೆ ಆ ತಳಗಳು ಕೊಳವೆಯನ್ನು ಉದ್ದಕ್ಕೆ ಸೀಳುವ ತಲದಲ್ಲೇ ಇರುತ್ತವೆ! ಗೀರೊಂದಿದ್ದು ಎಳೆತ ಹೆಚ್ಚಾದರೆ ಅದರ ಮೊನೆಯಲ್ಲಿ ಹೈಡ್ರೈಡ್ ಕೂಡಿ, ಬಿರಿದು, ಮತ್ತೆ ಕೂಡಿ, ಬಿರುಕು ಹೆಜ್ಜೆಹೆಜ್ಜೆಯಾಗಿ ಸಾಗುತ್ತದೆ.

1983ರ ಆಗಸ್ಟ್ 1ರಂದು ಕೆನಡಾದ ಪಿಕರಿಂಗ್ ಕೇಂದ್ರದ 2ನೆಯ ಘಟಕದಲ್ಲಿ ಒಂದು ಒತ್ತಡ ಕೊಳವೆ ಸುಮಾರು 2 ಮೀಟರ್ ಉದ್ದಕ್ಕೆ ಸೀಳಿತು. ಅದು ಹಳೆಯ ಜಿರ್ಕಲಾಯ್-2 ಮಿಶ್ರಲೋಹದ್ದು. ಕೊಳವೆಯನ್ನು ಹೊರಗಿನ ತಣ್ಣನೆಯ ಕೊಳವೆಯಿಂದ ದೂರವಿಡಬೇಕಿದ್ದ ಸ್ಪ್ರಿಂಗ್ ಉಂಗುರ ಜರುಗಿ, ಕೊಳವೆ ಜೋತು ತಗುಲಿ, ತಣ್ಣಗಾದ ಜಾಗಕ್ಕೆ ಹೈಡ್ರೋಜನ್ ಹರಿದು ಹೈಡ್ರೈಡ್ ಗುಳ್ಳೆಗಳೆದ್ದದ್ದು ಮೂಲ ಕಾರಣ. ಘಟಕವನ್ನು ಸುರಕ್ಷಿತವಾಗಿ ನಿಲ್ಲಿಸಲಾಯಿತು. ಆ ಮಿಶ್ರಲೋಹದ ಕೊಳವೆಗಳನ್ನೆಲ್ಲ ತೆಗೆದು ನಯೋಬಿಯಮ್ ಬೆರೆಸಿದವನ್ನು ಹಾಕಬೇಕಾಯಿತು. ನಮ್ಮಲ್ಲೂ ರಾಜಸ್ಥಾನ, ಮದರಾಸಿನ ಹಳೆಯ ಘಟಕಗಳಲ್ಲಿ ಇದೇ ಬದಲಾವಣೆ ನಡೆಯಿತು. ಕೈಗಾದ ಕೊಳವೆಗಳು ಮೊದಲಿನಿಂದಲೂ ನಯೋಬಿಯಮ್ ಬೆರೆಸಿದವು. ಅಲ್ಲಿನ 1ನೆಯ ಘಟಕ 2018ರ ಡಿಸೆಂಬರ್ 31ರವರೆಗೆ ಎಡೆಬಿಡದೆ 962 ದಿನ ನಡೆದು ಆಗ ವಿಶ್ವದಾಖಲೆ ಮಾಡಿತು.

ಕೊನೆಗೊಂದು ಕುತೂಹಲದ ವಿವರ. ದಿಮ್ಮಿಯನ್ನು ಒತ್ತಲು ಹಿಡಿಯುವ ಅಲ್ಪ ಸಮಯದಲ್ಲೇ ಅದರ ಹಿಂಭಾಗ ತುಸು ತಣಿದಿರುತ್ತದೆ. ಆದ್ದರಿಂದ ಅಚ್ಚಿನಿಂದ ಮೊದಲು ಬಂದ ತುದಿಗೂ ಕಡೆಗೆ ಬಂದ ತುದಿಗೂ ಹರಳುಗಳ ಗಾತ್ರ, ದಿಕ್ಕು ಎರಡರಲ್ಲೂ ವ್ಯತ್ಯಾಸ ಉಳಿದುಬಿಡುತ್ತದೆ. ನೋಡಲು ಎರಡೂ ತುದಿ ಒಂದೇ. ರಿಯಾಕ್ಟರಿನಲ್ಲಿ ಮಾತ್ರ ಅವು ಬೇರೆಬೇರೆ ವೇಗದಲ್ಲಿ ಹಿಗ್ಗುತ್ತವೆ. ಅದಕ್ಕಾಗಿಯೇ ಕೊಳವೆಯ ಯಾವ ತುದಿ ಮೊದಲು ಹೊರಬಂದದ್ದು ಎಂಬುದನ್ನು ಬರೆದಿಟ್ಟುಕೊಂಡು, ಬಿಸಿ ಭಾರಜಲ ಹೊರಬೀಳುವ ಕಡೆಗೆ ಯಾವ ತುದಿ ಇರಬೇಕೆಂದು ಎಂಜಿನಿಯರುಗಳು ಯೋಚಿಸಿ ಕೂಡಿಸುತ್ತಾರೆ.